ಹಾಡು ಹೊರಗೆ ಬರಬಾರದಂಥ ಗೋಡೆ

ಕೆಲವರ ಕಾಲಿಗೆ ಚಕ್ರ ಇರುತ್ತದೆ, ಕೆಲವರ ಹಣೆಯಲ್ಲಿ ಫಜೀತಿ ಬರೆದಿರುತ್ತದೆ. ನನಗೆ ದೇವರು ಎರಡನ್ನೂ ಕೊಟ್ಟಿದ್ದಾನೆ. ನಾಲ್ಕನೇ ಕ್ಲಾಸು ಅರ್ಧಕ್ಕೆ ಬಿಟ್ಟು ಸಾಲಿಯ ಗೋಡೆ ಹಾರಿದವನು ಮತ್ತೆ ಯಾವ ಗೋಡೆಯ ಒಳಗೂ ಹೆಚ್ಚು ದಿನ ಕೂಡಲಿಲ್ಲ. ಲಾರಿ ಕ್ಲೀನರ್ ಆದೆ, ಟೂರಿಂಗ್ ಟಾಕೀಸಿನ ಗೇಟು ಕಾದೆ, ಲೋಂಡಾ ಸ್ಟೇಷನ್ನಿನಲ್ಲಿ ವಡೆ ಮಾರಿದೆ. ಎಲ್ಲಿ ಹೋದರೂ ನಾನು ಕಾಲಿಟ್ಟ ಸ್ವಲ್ಪ ದಿನಕ್ಕೇ ಅಲ್ಲಿ ನಡೆಯಬಾರದ್ದೊಂದು ನಡೆದೇ ನಡೆಯುತ್ತದೆ. "ಇವನ ಹೆಜ್ಜೀನ ಹಂತಾದ್ದು" ಅಂತ ನಮ್ಮವ್ವ ಅನ್ನುತ್ತಿದ್ದಳು. ಹೆಜ್ಜೆಯದೇನೂ ತಪ್ಪಿಲ್ಲ. ಜಗತ್ತಿನ ಮಂದಿಯೇ ಹಾಗಿದ್ದಾರೆ, ನಾನು ಹೆಚ್ಚು ಊರು ತಿರುಗಿದ್ದರಿಂದ ಹೆಚ್ಚು ಮಂದಿಯನ್ನು ನೋಡಿದೆ, ಅಷ್ಟೆ.

ಬೆಳಗಾವಿಯ ಒಂದು ಗೋಡೆಗೆ ಚೌಕಟ್ಟು ನಿಲ್ಲಿಸಲಿಕ್ಕೆ ಹೋಗಿ ಏನೇನಾಯಿತು ಅನ್ನುವುದನ್ನಷ್ಟೇ ಇಲ್ಲಿ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕಣ್ಣಾರೆ ನೋಡಿದ ನಾನೇ ಒಮ್ಮೊಮ್ಮೆ ನಂಬುವುದಿಲ್ಲ.

೧. ಗೋಡೆ ಯಾಕ ಬೇಕಾತು

ಎಮರ್ಜೆನ್ಸಿ ಮುಗಿದ ಹೊಸತು. ಎಲ್ಲರೂ ಮತ್ತೆ ಬಾಯಿಬಿಟ್ಟು ಮಾತಾಡಲಿಕ್ಕೆ ಹತ್ತಿದ್ದರು. ಹಿಂದವಾಡಿಯ ಒಬ್ಬ ಅರಿವೆ ಅಂಗಡಿ ಸಾವ್ಕಾರ್ರು ಒಂದು ಹೆಜ್ಜೆ ಮುಂದೆ ಹೋಗಿ ಹಾಡಲಿಕ್ಕೇ ಹತ್ತಿದರು. ಅಂಗಡಿಯನ್ನು ಅಳಿಯನ ಕೈಗೆ ಒಪ್ಪಿಸಿ, ಒಂದು ಹಾರ್ಮೋನಿಯಂ ತಂದು, ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತರು.

"ಇಷ್ಟು ವರ್ಷ ಗಿರಾಕಿ ಮುಂದ ಒದರೀನಿ. ಇನ್ನ ದೇವರ ಮುಂದ ಹಾಡ್ತೀನಿ" ಅಂದರು.

ಅವರ ದನಿ ಕೆಟ್ಟದ್ದಿತ್ತು ಅಂತ ನಾನು ಹೇಳುವುದಿಲ್ಲ. ದೊಡ್ಡದಿತ್ತು. ಥಾನಿನಿಂದ ಅರಿವೆಯನ್ನು ಪರ್ರನೆ ಹರಿಯುವ ಸಪ್ಪಳ ಕೇಳಿ ಕೇಳಿ ಅದೇ ಗಂಟಲಲ್ಲಿ ಕೂತುಬಿಟ್ಟಿತ್ತು. ಮುಂಜಾನೆ ಅವರು 'ಸಾ' ಹಚ್ಚಿದರೆ ಹಾಲು ತರುವ ಗೌಳಿ ಓಣಿಯ ತುದಿಯಲ್ಲೇ ನಿಂತುಬಿಡುತ್ತಿದ್ದ. ಎಮ್ಮೆ ಬೆದರಿದರೆ ತಡೆದಾನು, ತಾನೇ ಬೆದರಿದ್ದ. ಹಾಲು ಬೇಕಾದವರು ಚರಿಗೆ ಹಿಡಿದು ಅಲ್ಲಿಗೇ ಹೋಗಬೇಕಾಗುತ್ತಿತ್ತು.

ಸಾವ್ಕಾರ್ರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಅಂತಿದ್ದೆವು. ಒಂದು ದಿನ ಅವರು ಟ್ರಂಕು ಹಿಡಿದು ಪಡಸಾಲೆಗೆ ಬಂದರು.

"ದೇವ್ರಿಗೆ ಹಾಡ್ತೀನಿ ಅಂತೀರಿ. ದೇವ್ರು ದೂರ ಇದ್ದಾನ, ಅವಂಗ ನಡೀತೈತಿ. ನಾ ಬಾಜೂಕ ಅಡಗಿಮನ್ಯಾಗ ಅದೀನಿ. ನಿಮ್ಮ ಹಾಡು ಒಲಿ ಮುಂದ ಕೇಳಸದ ದಿನಾ ಹೇಳಿ ಕಳಸ್ರಿ, ಬರ್ತೀನಿ."

ಅಷ್ಟು ಹೇಳಿ ಖಾನಾಪುರದ ಬಸ್ಸು ಹತ್ತಿ ತಮ್ಮನ ಮನೆ ಸೇರಿದರು.

ಆ ತಮ್ಮನದು ಖಾನಾಪುರದಲ್ಲಿ ಕಟ್ಟಿಗೆ ವಖಾರ. ದಿಮ್ಮಿ ಅಳೆಯುವುದು, ಕೊಯ್ಯಿಸುವುದು, ಲಾರಿಗೆ ಹೇರಿಸುವುದು, ಇದಕ್ಕೆ ಆಗ ನಾನು ಅಲ್ಲೇ ಕೆಲಸಕ್ಕಿದ್ದೆ. ಅಕ್ಕ ಬಂದಳಂತ ಮಾಲಕ ಮೊದಲು ಹೋಳಿಗೆ ಮಾಡಿಸಿದ. ಸ್ವಲ್ಪ ದಿನಕ್ಕೆ ಅವನ ಮುಖದ ಮೇಲಿನ ಹೂರಣ ಇಳಿಯಿತು. ಅಕ್ಕಾರು ಅವನ ಹೆಂಡತಿಯ ಸಾರಿಗೆ ಹುಳಿ ಸಾಲದು ಅಂದಿದ್ದರು, ಅವನ ಮಂಚವನ್ನು ಇನ್ನೊಂದು ಗೋಡೆಗೆ ಸರಿಸಿದ್ದರು, ಅವನ ಎಲೆಅಡಿಕೆ ಚಂಚಿಯನ್ನು ಅಟ್ಟದ ಮೇಲೆ ಇಟ್ಟಿದ್ದರು.

ಅತ್ತ ಸಾವ್ಕಾರ್ರು ಒಂದು ಉಪಾಯ ತೆಗೆದಿದ್ದರು. ಅವರ ಮನೆಯ ಕೆಳಗೊಂದು ನೆಲಮನೆ ಇತ್ತು. ಅವರ ಅಪ್ಪನ ಕಾಲದಲ್ಲಿ ಬಟಾಟಿ ತುಂಬಿಡುತ್ತಿದ್ದ ಜಾಗ. ನಾಲ್ಕೂ ಕಡೆ ಕಲ್ಲಿನ ಗೋಡೆ, ಅದರ ಹಿಂದೆ ಬರೇ ಮಣ್ಣು. ಅಲ್ಲಿ ಕೂತು ಹಾಡಿದರೆ ಸರಿ, ಆದರೆ ದನಿ ಬರಿಗಲ್ಲಿಗೆ ಬಡಿದು ಪಾವಟಿಗೆ ಹತ್ತಿ ಮೇಲೆ ಬರುತ್ತಿತ್ತು. ಅದಕ್ಕೆ ಕಲ್ಲಿನ ಗೋಡೆಯಿಂದ ಗೇಣು ಬಿಟ್ಟು ಸುತ್ತಲೂ ಚೌಕಟ್ಟು ನಿಲ್ಲಿಸುವುದು, ನಡುವೆ ಏನಾದರೂ ತುಂಬುವುದು, ಮುಂದೆ ಹಲಗೆ ಬಡಿಯುವುದು. ಕಿವಿಯಲ್ಲಿ ಅರಳೆ ಇಟ್ಟುಕೊಂಡಂತೆ ಮನೆಗೇ ಅರಳೆ ಇಡುವುದು. ಪ್ರಶ್ನೆ ಒಂದೇ: ಚೌಕಟ್ಟು ಯಾತರದ್ದು?

ಮಾಲಕ ನನ್ನನ್ನು ಕರೆದು ವಖಾರದ ಕಡೆ ಕೈ ಬೀಸಿದ.

"ಯಾವ ಕಟ್ಟಿಗಿ ಬೇಕ ಅದನ್ನ ಒಯ್ಯಿ. ರೊಕ್ಕದ ಮಾತ ತಗೀಬ್ಯಾಡ. ಲಗೂನ ಗೋಡಿ ಕಟ್ಟಿಸಿ ನಮ್ಮಕ್ಕನ್ನ ಆಕಿ ಮನಿಗೆ ಮುಟ್ಟಸು."

"ಒಳಗ ಎಷ್ಟು ಜಾಗಾ ಬಿಡೂಣ್ರಿ?" ಅಂದೆ.

"ನಮ್ಮಕ್ಕನ ಗಂಡ ಕುಂದ್ರೂವಷ್ಟು ಬಿಡು. ಬಾಗಲಾ ಇಡದಿದ್ರೂ ನಡೀತೈತಿ."

೨. ಬಿದಿರು

ಸಾವ್ಕಾರ್ರು ದೊಡ್ಡ ಗಂಟಲಿನವರಾದರೂ ಕೈ ಸಣ್ಣದು. ಕಟ್ಟಿಗೆ ಪುಕ್ಕಟೆಯಾದರೂ ಬಡಗಿಯ ಕೂಲಿ ಲೆಕ್ಕ ಹಾಕಿದರು. "ಬಿದರ ಸಾಕು. ಹಗರ ಐತಿ, ನೆಟ್ಟಗ ಐತಿ, ಹುಟ್ಟಿದ್ದ ಕಂಬಾ ಆಗಾಕ" ಅಂದರು.

ಖಾನಾಪುರದಿಂದ ಬಿದಿರಿನ ಹೊರೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಕೆಲಸಕ್ಕೆ ಸಾವ್ಕಾರ್ರು ಹೇಳಿದ್ದು ಒಬ್ಬ ವಯಸ್ಸಾದ ಮುಸಲ್ಮಾನ ಬಡಗಿಗೆ. ಎಲ್ಲರೂ ಮಿಸ್ತ್ರಿ ಚಾಚಾ ಅಂತಿದ್ದರು. ಜೀವಮಾನವೆಲ್ಲ ಬಾಗಿಲು ಕಿಟಕಿ ಮಾಡಿದವನು, ಬಾಗಿಲು ಕಿಟಕಿ ಬಿಟ್ಟು ಬೇರೇನೂ ಮಾಡದವನು. ಬಿದಿರು ನೋಡಿ ಮೂಗು ಮುರಿದ.

"ಇದು ಕೋಳಿ ಗೂಡಿನ ಕೆಲಸಾ ಬಾಬಾ. ಒಳಗ ಕೋಳಿ ಯಾವದು?"

ಸಾವ್ಕಾರ್ರು ಮೇಲಿಂದ 'ಆ...' ಅಂತ ಗಂಟಲು ಸರಿಮಾಡಿಕೊಂಡರು. ಚಾಚಾ ಮುಂದೆ ಕೇಳಲಿಲ್ಲ.

ಬಿದಿರಿನ ಗಳಗಳನ್ನು ಸುತ್ತಲೂ ನಿಲ್ಲಿಸಿ ಕಟ್ಟಿದೆವು. ಒಣಗಿದ ಬಿದಿರು, ಅಲ್ಲಲ್ಲಿ ದುಂಬಿ ತೂತು ಹೊಡೆದಿತ್ತು. ತೂತಿಗೆ ಏನು ಮಹತ್ವ ಅಂತ ನಾವು ಬಿಟ್ಟೆವು. ಹಲಗೆ ಬಡಿಯುವ ಮೊದಲೇ ಸಾವ್ಕಾರ್ರಿಗೆ ತಡೆಯಲಾಗಲಿಲ್ಲ. ಕೆಳಗಿಳಿದು ನಡುವೆ ಕೂತು, ಕಣ್ಣು ಮುಚ್ಚಿ, 'ಸಾ' ಹಚ್ಚಿದರು.

ಒಂದು ಗಳ ಗುಂಯ್ ಅಂತು. ಅದರ ಬಾಜೂದ್ದು ಅದಕ್ಕೆ ಓಗೊಟ್ಟಿತು. ಆಮೇಲೆ ನಾಲ್ಕೂ ಗೋಡೆಯ ಬಿದಿರು ಒಟ್ಟಿಗೆ ಗುಂಯ್‌ಗುಡಲಿಕ್ಕೆ ಹತ್ತಿತು. ಸಾವ್ಕಾರ್ರು ಮೇಲೆ ಹೋದರೆ ಅದೂ ಮೇಲೆ ಹೋಯಿತು, ಕೆಳಗೆ ಬಂದರೆ ಕೆಳಗೆ ಬಂತು. ಮೇಲಿನ ಕಪಾಟಿನಲ್ಲಿ ಗಂಗಾಳಗಳು ಅಲುಗಿದವು. ಓಣಿಯ ಮಂದಿ ವಿಮಾನ ಇಳಿಯಿತೇನೋ ಅಂತ ಹೊರಗೆ ಬಂದು ಮುಗಿಲು ನೋಡುತ್ತ ನಿಂತರು. ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದದ್ದು ಹಿಂದವಾಡಿಗೆ ಯಾಕೆ ಬಂತು ಅಂತ ಅವರ ವಿಚಾರ.

"ನಿಲ್ಲಸ್ರಿ! ಸಾವ್ಕಾರ್ರ, ನಿಲ್ಲಸ್ರಿ!" ಅಂತ ನಾನು ಕೂಗಿದೆ.

ಅವರು ನಿಲ್ಲಿಸಿದರು. ಬಿದಿರು ಇನ್ನೂ ಸ್ವಲ್ಪ ಹೊತ್ತು ಹಾಡಿ ನಿಂತಿತು. ಸಾವ್ಕಾರ್ರ ಕಣ್ಣಲ್ಲಿ ನೀರು.

"ಕಿತ್ತ ಬಿಡೂಣ್ರಿ?" ಅಂದೆ ಮೆಲ್ಲಗೆ.

"ಎದಕ? ಇಷ್ಟು ದಿನಾ ಹಾಡಾಕತ್ತೀನಿ, ನನಗ ಸಾಥ್ ಕೊಡಾವ್ರ ಸಿಕ್ಕಿದ್ದಿಲ್ಲ!"

೩. ಲೋಖಂಡ

ಬಿದಿರನ್ನು ಕಿತ್ತಿಸಿದವರು ಸಾವ್ಕಾರ್ರ ತಾಯಿ. ಆ ಮನೆಯ ಆಯಿ. ಎಂಬತ್ತರ ಹತ್ತಿರ ವಯಸ್ಸು, ಹಣೆ ತುಂಬ ವಿಭೂತಿ, ಮಗನ ಮೇಲೆ ಯಾರಾದರೂ ಒಂದು ಮಾತಾಡಿದರೆ ಕೋಲು ಎತ್ತುವವಳು. "ಸೊಸಿಗೆ ಕಿವಿ ಇಲ್ಲ. ನನ್ನ ಮಗಾ ಹಾಡಿದ್ರ ಸಾಕ್ಷಾತ್ ಶಿವಾ ಬಂದು ಕುಂತಂಗ ಆಗತೈತಿ" ಅನ್ನುತ್ತಿದ್ದಳು. ಆದರೆ ಗಂಗಾಳ ಅಲುಗಿದ್ದು ಆಯಿಗೆ ಸೇರಲಿಲ್ಲ. ಭೂಮಿ ನಡುಗಿದರೆ ಅಪಶಕುನ.

ಉದ್ಯಮಬಾಗದಲ್ಲಿ ಫೌಂಡ್ರಿ ಇದ್ದ ಗೆಳೆಯನೊಬ್ಬ ಸಾವ್ಕಾರ್ರಿಗೆ ಹೇಳಿದ: "ಲೋಖಂಡದ ಆಂಗಲ್ ಹಚ್ಚು. ಹುಳಾ ತಿನ್ನೂದಿಲ್ಲ, ಗುಂಯ್ ಅನ್ನೂದಿಲ್ಲ."

ಮಿಸ್ತ್ರಿ ಚಾಚಾ ಕಬ್ಬಿಣದ ಆಂಗಲ್ ಪಟ್ಟಿ ನೋಡಿದ್ದೇ ತನ್ನ ಉಳಿ, ಕೊಡತಿ ಚೀಲಕ್ಕೆ ಹಾಕಿದ. "ನಾ ಬಡಿಗ್ಯಾ. ಇದು ಲುಹಾರನ ಕೆಲಸಾ. ಇದು ಕಟ್ಟಿಗಿ ಆದ ದಿನಾ ಕರೀರಿ" ಅಂತ ಹೋದ. ಕಮ್ಮಾರ ಬಂದು ಸುತ್ತಲೂ ಆಂಗಲ್ ನಿಲ್ಲಿಸಿ ಹೋದ. ಹಲಗೆ ಬಡಿಯುವುದಕ್ಕೆ ಚಾಚಾ ಬೇಕು, ಚಾಚಾ ಲೋಖಂಡ ಮುಟ್ಟುವುದಿಲ್ಲ. ಹಾಗಾಗಿ ಆಂಗಲ್‌ಗಳು ಬರಿಮೈಯಲ್ಲಿ ನಿಂತಿದ್ದವು.

ಅಷ್ಟರಲ್ಲಿ ಮಳೆ ಹಿಡಿಯಿತು. ಬೆಳಗಾವಿ ಮಳೆ ಗೊತ್ತಲ್ಲ, ಕದ್ದು ನೆಲದೊಳಗೆ ಹೋಗಿ ಕೂಡುವ ಮಳೆ. ನೆಲಮನೆಯ ಕಲ್ಲು ಬೆವರಿತು, ಲೋಖಂಡವೂ ಬೆವರಿತು, ತುಕ್ಕು ಹಿಡಿಯಿತು. ಸಾವ್ಕಾರ್ರು ಬಿಳಿ ಧೋತರ, ಬಿಳಿ ಜುಬ್ಬಾ ಹಾಕಿಕೊಂಡು ಕೆಳಗೆ ಹೋದರು. ಹಾಡಿನಲ್ಲಿ ಮೈಮರೆತು ಒಮ್ಮೆ ಈ ಗೋಡೆಗೆ ಒರಗಿದರು, ಒಮ್ಮೆ ಆ ಗೋಡೆಗೆ ಒರಗಿದರು. ಮುಗಿಸಿ ಸುಸ್ತಾಗಿ ಮೇಲೆ ಬಂದಾಗ ಬೆನ್ನ ಮೇಲೆ ಉದ್ದುದ್ದ ಕೆಂಪು ಬರೆ.

ಆಯಿ ನೋಡಿದಳು. ಬಾಯಿ ಬಾಯಿ ಬಡಿದುಕೊಂಡು ಓಣಿಗೆ ಓಡಿದಳು.

"ನನ್ನ ಮಗನ್ನ ಹೊಡದಾರ್ರೋ! ನಮ್ಮ ಸೊಸಿ ತಮ್ಮಾ ಖಾನಾಪುರದಿಂದ ಮಂದಿ ಕಳಿಸ್ಯಾನ್ರೋ! ಬರ್ರೋ, ಬಿಡಸ್ರೋ!"

ಓಣಿಯ ಗಂಡಸರೆಲ್ಲ ಬಡಿಗೆ ಹಿಡಿದು ಬಂದರು. ಸಾವ್ಕಾರ್ರು ಇನ್ನೂ ಅರ್ಧ ರಾಗದಲ್ಲೇ ಇದ್ದರು.

"ಯಾರ್ ಹೊಡದ್ರಿ ಸಾವ್ಕಾರ್ರ?"

"ಯಾರೂ ಇಲ್ಲಪಾ. ನಾ ಕೆಳಗ ಹಾಡಾಕತ್ತಿದ್ನಿ."

ಮುಂದೆ ನಿಂತಿದ್ದ ಎದುರುಮನೆಯವನು ಬಡಿಗೆ ಕೆಳಗಿಳಿಸಿ ಹಿಂದಿನವರಿಗೆ ಹೇಳಿದ:

"ನಡೀರಿ ನಡೀರಿ. ಹಾಡಿದ್ದಕ್ಕ ಹೊಡದಾರ. ಅದರಾಗ ನಾವ್ಯಾಕ ನಡುವ ಬರೂಣು?"

೪. ದಿಮ್ಮಿಗೆ ಕಿವಿ

ಕಡೆಗೆ ಕಟ್ಟಿಗೆಯೇ ಆಗಬೇಕು ಅಂತಾಯಿತು. ಚಾಚಾ ಚೀಲ ಹೊತ್ತು ತಿರುಗಿ ಬಂದ. ಯಾವ ಕಟ್ಟಿಗೆ? ಸಾಗವಾನಿಯೋ, ಮತ್ತಿಯೋ, ಹೊನ್ನೆಯೋ? ಆರಿಸಲಿಕ್ಕೆ ಸಾವ್ಕಾರ್ರು, ಚಾಚಾ ಇಬ್ಬರೂ ಖಾನಾಪುರಕ್ಕೆ ಬಂದರು. ವಖಾರದ ಹಿಂದೇ ಮಾಲಕನ ಮನೆ. ಮನೆಯಲ್ಲಿ ಅಕ್ಕಾರು.

ಬಡಗಿಗಳು ದಿಮ್ಮಿ ಪರೀಕ್ಷೆ ಮಾಡುವ ಪದ್ಧತಿ ಒಂದಿದೆ. ದಿಮ್ಮಿಯ ಒಂದು ತುದಿಗೆ ಕಿವಿ ಹಚ್ಚುವುದು, ಇನ್ನೊಂದು ತುದಿಯನ್ನು ಒಬ್ಬರು ಉಗುರಿನಿಂದ ಕೆರೆಯುವುದು. ಒಳಗೆ ಗಟ್ಟಿಯಿದ್ದರೆ ಆ ಕೆರೆತ ಸ್ವಚ್ಛ ಕೇಳುತ್ತದೆ. ಒಳಗೆ ಕೊಳೆತಿದ್ದರೆ ಕೇಳುವುದಿಲ್ಲ. ಚಾಚಾ ಕಿವಿ ಹಚ್ಚಿ ಕೂತ, ನಾನು ಕೆರೆಯುತ್ತ ಹೋದೆ.

ಸಾವ್ಕಾರ್ರು ಸ್ವಲ್ಪ ಹೊತ್ತು ನೋಡಿ ನನ್ನ ಕೈ ಹಿಡಿದರು.

"ಏ ತಮ್ಮಾ, ನಾವೇನು ಒಳಗ ಕುಂತು ಕೆರಕೊಳ್ಳಾವ್ರೇನು? ಹಾಡಾವ್ರು. ಪರೀಕ್ಷಾ ಹಾಡಿಂದ ಆಗಬೇಕು."

ಖರೇ ಮಾತು. ಸಾವ್ಕಾರ್ರು ದಿಮ್ಮಿಯ ಈ ತುದಿಗೆ ಬಾಯಿ ಹಚ್ಚಿ ಹಾಡಬೇಕು. ಚಾಚಾ ಆ ತುದಿಗೆ ಕಿವಿ ಹಚ್ಚಬೇಕು. ಯಾವ ದಿಮ್ಮಿಯಲ್ಲಿ ಹಾಡು ಕೇಳಿಸುವುದಿಲ್ಲವೋ ಅದು ನಮ್ಮದು.

ಚಾಚಾ ಇನ್ನೊಂದು ಕಿವಿಯಲ್ಲಿ ಬೆರಳಿಟ್ಟುಕೊಂಡು ಕಣ್ಣು ಮುಚ್ಚಿದ. ಸಾವ್ಕಾರ್ರು ಸಾಗವಾನಿಗೆ ಹಾಡಿದರು.

"ಕೇಳತೈತಿ" ಅಂದ ಚಾಚಾ.

ಹೊನ್ನೆಗೆ ಹಾಡಿದರು.

"ಇದೂ ಕೇಳತೈತಿ. ಹೊಟ್ಯಾಗೂ ಕೇಳತೈತಿ."

ಮೂಲೆಯಲ್ಲಿ ಎಷ್ಟೋ ಮಳೆಗಾಲ ನೆನೆದು, ಅಣಬೆ ಎದ್ದು, ಯಾರೂ ಒಯ್ಯದೆ ಬಿದ್ದಿದ್ದ ದಿಮ್ಮಿಗಳಿದ್ದವು. ಸಾವ್ಕಾರ್ರು ಅವಕ್ಕೂ ಬಿಡದೆ ಹಾಡಿದರು.

"ಏನೂ ಕೇಳವಲ್ದು ಬಾಬಾ!" ಅಂತ ಚಾಚಾ ಎದ್ದುನಿಂತ.

"ಇದ!" ಅಂತ ಸಾವ್ಕಾರ್ರು ದಿಮ್ಮಿಯನ್ನು ಅಪ್ಪಿಕೊಂಡರು. ಮಾಲಕ ನನ್ನ ಕಿವಿಯಲ್ಲಿ, "ನಮ್ಮಪ್ಪ ತಂದು ಹಾಕಿದ ಮಾಲ. ಇಂಥ ಗಿರಾಕಿ ಸಿಗಲಿ ಅಂತ ಅಂವ ಕಡೀ ತನಕಾ ಹಾದಿ ನೋಡಿದಾ" ಅಂದು ಕಣ್ಣು ಒರೆಸಿಕೊಂಡ.

ಕೊಳೆತದ್ದರಲ್ಲಿ ಮೊಳೆ ನಿಲ್ಲುವುದಿಲ್ಲ ಅಂತ ಚಾಚಾ ಹಠ ಹಿಡಿದ. ಕಡೆಗೆ ಒಪ್ಪಂದವಾಯಿತು: ಚೌಕಟ್ಟಿಗೆ ಗಟ್ಟಿ ಮತ್ತಿ. ಕೊಳೆತದ್ದನ್ನು ಕೊಯ್ಯಿಸಿ, ಹೊಟ್ಟು ಮಾಡಿ, ನಡುವೆ ತುಂಬುವುದು.

ಇಷ್ಟೆಲ್ಲ ಆಗುವಾಗ ಹಿಂದಿನ ಮನೆಯಲ್ಲಿ ಅಕ್ಕಾರು ಕೇಳುತ್ತಿದ್ದರಲ್ಲ! ಊರು ಬಿಟ್ಟು ಬಂದರೂ ಹಾಡು ಬೆನ್ನು ಹತ್ತಿ ಬಂತು ಅಂತ ಅವರು ಮತ್ತೆ ಟ್ರಂಕು ಕಟ್ಟಿದರು. ಹೋಗುವುದೆಲ್ಲಿಗೆ? ಹಾಡು ಖಾನಾಪುರದಲ್ಲಿದೆ ಅಂದಮೇಲೆ ಬೆಳಗಾವಿ ಖಾಲಿ ಇರಬೇಕಲ್ಲ! ಸ್ಟ್ಯಾಂಡಿಗೆ ಹೋಗಿ ಬೆಳಗಾವಿ ಬಸ್ಸು ಹತ್ತಿದರು.

ಹೆಂಡತಿ ಮನೆಗೆ ಹೋದಳಂತ ಕೇಳಿ ಸಾವ್ಕಾರ್ರು ಹಿಗ್ಗಿ ಮುಂದಿನ ಬಸ್ಸಿಗೇ ಹೊರಟರು, ಜೊತೆಗೆ ನಾನು. ನಾವು ಮನೆ ಮುಟ್ಟಿ, ಸಾವ್ಕಾರ್ರು ಸಂತೋಷದಿಂದ ಹೊಸ್ತಿಲಲ್ಲೇ ಒಂದು ಆಲಾಪ ತೆಗೆದದ್ದೇ, ಅಕ್ಕಾರು ಹಿತ್ತಲ ಬಾಗಿಲಿನಿಂದ ಟ್ರಂಕು ಸಮೇತ ಹೊರಬಿದ್ದರು. ಟ್ರಂಕು ಹೊತ್ತು ನಾನು ಬಸ್‌ಸ್ಟ್ಯಾಂಡಿಗೆ ಹಿಂದೆ ಹೋದೆ. ನಿಂತದ್ದು ಅವರು ಬಂದ ಬಸ್ಸೇ.

ಕಂಡಕ್ಟರ್ ಮರಾಠಿಯವನು. "ಚಲಾ, ಪುಢೇ ಚಲಾ" ಅಂತ ಮಂದಿಯನ್ನು ಮುಂದೆ ದೂಡುತ್ತಿದ್ದವನು ಅಕ್ಕಾರನ್ನು ನೋಡಿ ಕೈ ಮುಗಿದ. ಬರುವಾಗ ದಾರಿಯುದ್ದಕ್ಕೂ ಅವರ ಕಥೆಯನ್ನೆಲ್ಲ ಕೇಳಿದ್ದ.

"ಅಕ್ಕಾರ, ನೀವು ಇಳೀಬ್ಯಾಡ್ರಿ. ಇದರಾಗ ಕುಂದರ್ರಿ. ಅವ್ರು ಯಾವ ಊರಾಗ ನಿಲ್ತಾರ ಗೊತ್ತಾದ ಮ್ಯಾಲ ಇನ್ನೊಂದು ಊರಾಗ ಇಳಸ್ತೀನಿ."

೫. ಹೊಸ್ತಿಲು

ಮತ್ತಿ ಬಂತು. ಚಾಚಾ ಅಂಗಳದಲ್ಲಿ ಕೂತು ಚೌಕಟ್ಟು ಮಾಡಲಿಕ್ಕೆ ಹತ್ತಿದ. ಚೌಕಟ್ಟು ಅಂದರೆ ಅವನಿಗೆ ಒಂದೇ ಗೊತ್ತು. ಎರಡು ಕಡೆ ತೋಳು, ಮೇಲೊಂದು ಅಡ್ಡಪಟ್ಟಿ, ಕೆಳಗೊಂದು ಅಗಲ ಹೊಸ್ತಿಲು. ಹಗಲೆಲ್ಲ ಕೆತ್ತಿ ಕೆತ್ತಿ ಸಾಲಾಗಿ ಗೋಡೆಗೆ ಒರಗಿಸಿಟ್ಟ. ಒಂದೆರಡರ ಮೇಲೆ ಹೂಬಳ್ಳಿಯನ್ನೂ ಕೊರೆದಿದ್ದ.

"ಚಾಚಾ, ಇವನ್ನ ಹಲಗಿ ಹಿಂದ ಮುಚ್ಚೂದು. ಹೂಬಳ್ಳಿ ಯಾರ್ ನೋಡ್ತಾರ?"

"ಕೈಗೆ ಏನ್ ಗೊತ್ತು ಮುಚ್ಚೂದು?" ಅಂದ ಚಾಚಾ.

ಮರುದಿನ ಮುಂಜಾನೆ ಸ್ನಾನ ಮಾಡಿ ಹೊರಗೆ ಬಂದ ಆಯಿ ಅಂಗಳದಲ್ಲಿ ಅಷ್ಟೊಂದು ಹೊಸ್ತಿಲು ನೋಡಿದಳು. ಹೊಸ ಹೊಸ್ತಿಲನ್ನು ಬರಿದಾಗಿ ಬಿಡುತ್ತಾರೆಯೇ? ನಾವು ಚಹಾ ಕುಡಿದು ಬರುವುದರೊಳಗೆ ಎಲ್ಲಕ್ಕೂ ಅರಿಷಿಣ ಬಳಿದು, ಕುಂಕುಮ ಇಟ್ಟು, ಹೂ ಏರಿಸಿ, ಊದಿನಕಡ್ಡಿ ಬೆಳಗಿದ್ದಳು.

ಚೌಕಟ್ಟು ನೆಲಮನೆಯಲ್ಲಿ ನಿಂತವು. ಹಿಂದೆ ಕಟ್ಟಿಗೆ ಹೊಟ್ಟು ತುಂಬುವಾಗ ಮುಂದೆ ಆನಿಸಲಿಕ್ಕೆ ಚಾಚಾ ಮೊದಲ ಹಲಗೆ ಎತ್ತಿದ. ಆಯಿ ಕೋಲು ಅಡ್ಡ ಹಿಡಿದಳು.

"ಪೂಜಿ ಮಾಡಿದ ಹೊಸ್ತಲಾ ಹಲಗಿ ಬಡದು ಮುಚ್ಚತೀಯಾ? ಲಕ್ಷ್ಮಿ ಬರೂ ಹಾದಿಗೆ ಮೊಳಿ ಹೊಡೀತೀಯಾ? ಬಾಗಲಾ ಹಚ್ಚು."

"ಆಯಿ, ಅದರ ಹಿಂದ ಗೋಡಿ ಐತ್ರಿ. ಬಾಗಲಾ ಹಚ್ಚಿದ್ರ ಎಲ್ಲಿಗೆ ಹೋಗೂದು?"

"ನಾವ್ಯಾಕ ಹೋಗೂಣು? ಲಕ್ಷ್ಮಿ ಬರತಾಳ."

ಸಾವ್ಕಾರ್ರು ತಾಯಿಯ ಮಾತು ಮೀರುವವರಲ್ಲ. ಚಾಚಾನಿಗಂತೂ ಹಬ್ಬ. ಇದ್ದ ಹಲಗೆಯನ್ನೆಲ್ಲ ಬಾಗಿಲು ಮಾಡಿ, ಬಿಜಾಗರಿ ಹಚ್ಚಿ, ಚಿಲಕ ಕೂಡಿಸಿದ. ಬಾಗಿಲ ಹಿಂದೆ ಬಾಯಿತನಕ ಹೊಟ್ಟು. ಪಾವಟಿಗೆಯ ಹತ್ತಿರ ಮೇಲೆ ಹೋಗುವ ನಿಜವಾದ ಬಾಗಿಲಿಗೂ ಅದೇ ಕಟ್ಟಿಗೆ, ಅದೇ ಚಿಲಕ, ಅದೇ ಹೂಬಳ್ಳಿ. ಎಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು.

ಶಾಂತಿ ಮಾಡಲಿಕ್ಕೆ ಅಯ್ಯನವರನ್ನು ಕರೆಸಿದರು. ಅವರು ಬಂದವರೇ ಬಾಗಿಲು ಎಣಿಸಿದರು. "ಮನಿಗೆ ಬಾಗಲಾ ಸರಿ ಸಂಖ್ಯಾ ಇರಬೇಕು. ಇವು ಬೆಸಾ ಬಂದಾವು" ಅಂದರು. ಚಾಚಾ ಖುಷಿಯಿಂದ ಕೂತಲ್ಲೇ ಉಳಿದ ತುಂಡುಗಳಿಂದ ಬೆಕ್ಕು ನುಗ್ಗುವಷ್ಟು ಸಣ್ಣ ಬಾಗಿಲೊಂದನ್ನು ಮಾಡಿ ಮೂಲೆಯಲ್ಲಿ ಕೂಡಿಸಿದ. ಸರಿ ಸಂಖ್ಯೆಯಾಯಿತು.

ಪೂಜೆಯ ಹೊತ್ತಿಗೆ ಗಾಳಿಗೆ ದೀಪ ಆರಬಾರದು ಅಂತ ಆಯಿ ಎಲ್ಲ ಬಾಗಿಲು ಹಾಕಿಸಿದಳು. ಮಂತ್ರವಾಯಿತು, ಮಂಗಳಾರತಿಯಾಯಿತು. ಅಯ್ಯನವರು ಪ್ರಸಾದ ಕೊಟ್ಟು, ಶಲ್ಯ ಹೊದ್ದು, ಎದ್ದು ಹೊರಟು, ಎದುರಿನ ಬಾಗಿಲ ಚಿಲಕ ತೆಗೆದರು.

ಧಸಲ್ ಅಂತ ಹೊಟ್ಟು ಸುರಿಯಿತು. ಮೊಣಕಾಲು ತನಕ ಬಂತು.

"ಅದಲ್ರೀ ಅಯ್ನಾರ, ಈ ಕಡೆ!" ಅಂದರು ಸಾವ್ಕಾರ್ರು.

ಈ ಕಡೆಯದನ್ನು ತೆಗೆದರು. ಸೊಂಟದ ತನಕ ಬಂತು. ಮೂರನೆಯದನ್ನು ತಾವೇ ತೋರಿಸುತ್ತೇನೆ ಅಂತ ಹೋಗಿ ಸಾವ್ಕಾರ್ರು ತೆಗೆದರು. ಆಮೇಲೆ ಅಯ್ಯನವರ ವಿಭೂತಿ ಯಾವುದು, ಹೊಟ್ಟು ಯಾವುದು ಗೊತ್ತಾಗದಂತಾಯಿತು.

"ಒಬ್ರೂ ಕೈ ಹಚ್ಚಬ್ಯಾಡ್ರಿ!" ಅಂತ ಚಾಚಾ ಕೂಗಿ, ಗೋಡೆಯ ಉದ್ದಕ್ಕೂ ಬಾಗಿಲುಗಳನ್ನು ಬೆರಳಿಂದ ಬಡಿಯುತ್ತ ಹೋಗಿ, ಟೊಳ್ಳು ಸಪ್ಪಳ ಬಂದದ್ದನ್ನು ತೆಗೆದ. ಪಾವಟಿಗೆ ಕಂಡಿತು. ಅಯ್ಯನವರು ಹಿಂದೆ ನೋಡದೆ ಹತ್ತಿದರು.

ಸುರಿದ ಹೊಟ್ಟನ್ನು ನಾನು, ಚಾಚಾ ಮತ್ತೆ ತುಂಬಿದೆವು. ಇನ್ನೊಮ್ಮೆ ಹೀಗಾಗಬಾರದು ಅಂತ ಸಾವ್ಕಾರ್ರು ಆ ಬಾಗಿಲಿಗೆ ಗುರುತಾಗಿ ಒಂದು ಮಾವಿನ ತೋರಣ ಕಟ್ಟಿಸಿದರು. ಸಂಜೆ ನೋಡಿದರೆ ಎಲ್ಲ ಬಾಗಿಲಿಗೂ ತೋರಣ. ಆಯಿ ಎಲೆ ಪೋಣಿಸುತ್ತ ಕೂತಿದ್ದಳು.

"ಒಂದಕ್ಕ ಕಟ್ಟಿ ಉಳದಾವಕ್ಕ ಬಿಟ್ರ, ಅವು ಏನ್ ಪಾಪ ಮಾಡ್ಯಾವು?"

೬. ಪಾಳಿ

ಅಕ್ಕಾರಿಗೆ ಹೇಳಿ ಕಳಿಸಿದೆವು. ತಮ್ಮನನ್ನೂ ಕರೆದುಕೊಂಡು ಬಂದರು. ಟ್ರಂಕನ್ನು ಮಾತ್ರ ಹೊರಗಿನ ಕಟ್ಟೆಯ ಮೇಲೇ ಇಡಿಸಿದರು. "ಮೊದಲ ಪರೀಕ್ಷಾ" ಅಂದರು. ನೆಟ್ಟಗೆ ಅಡುಗೆಮನೆಗೆ ಹೋಗಿ ಒಲೆ ಮುಂದೆ ಮಣೆ ಹಾಕಿ ಕೂತರು. ಸಾವ್ಕಾರ್ರು ಹಾರ್ಮೋನಿಯಂ ಹಿಡಿದು ಕೆಳಗಿಳಿದರು. ಚಾಚಾ ಬಾಗಿಲು ಹಾಕಿದ.

ಒಲೆಯ ಮೇಲೆ ಚಹಾ ಕುದಿಯುವ ಸಪ್ಪಳ ಬಿಟ್ಟು ಬೇರೇನೂ ಇಲ್ಲ.

"ಸುರು ಮಾಡ್ಯಾರೇನು?" ಅಂದರು ಅಕ್ಕಾರು.

ಅವರ ತಮ್ಮ ಕೆಳಗೆ ಓಡಿದ. ಬಾಗಿಲು ಸಂದು ಮಾಡಿ ನೋಡಿ, ತಲೆ ಹಿಡಿದುಕೊಂಡು ತಿರುಗಿ ಬಂದ. "ಹಾಡಾಕತ್ತಾರಕ್ಕಾ. ಭರ್ತಿ ಹಾಡಾಕತ್ತಾರ."

ಅಕ್ಕಾರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನು ಟ್ರಂಕು ಒಳಗೆ ತಂದೆ. ಮಾಲಕ ಓಣಿಯಲ್ಲೇ ನಿಂತು ಹಿಂದಿನ ದಿಕ್ಕಿಗೆ, ಖಾನಾಪುರ ಇರುವ ಕಡೆ, ಒಂದು ನಮಸ್ಕಾರ ಹಾಕಿದ. ಅವತ್ತು ಅವನ ಮನೆಯಲ್ಲಿ ಮತ್ತೆ ಹೋಳಿಗೆ ಮಾಡಿದರಂತೆ.

ನನ್ನ ಕಾಲು ಆಮೇಲೆ ಸುಮ್ಮನಿರಲಿಲ್ಲ. ಗೋವಾ ಕಡೆ ಹೋಗುವ ಲಾರಿ ಹತ್ತಿ ಹೋದೆ. ಅಲ್ಲಿ ಇಲ್ಲಿ ತಿರುಗಿ ಬೆಳಗಾವಿಗೆ ಬಂದಾಗ ಮುಂದಿನ ಮಳೆಗಾಲವೂ ಮುಗಿದಿತ್ತು. ಸಾವ್ಕಾರ್ರನ್ನು ನೋಡಿ ಹೋಗೋಣ ಅಂತ ಹಿಂದವಾಡಿಗೆ ನಡೆದೆ.

ಓಣಿಯ ತುದಿಯಲ್ಲೇ ನಿಂತುಬಿಟ್ಟೆ. ಪರ್ರನೆ ಅರಿವೆ ಹರಿದಂಥ ದನಿ. ಹೋಗಿ ನೋಡಿದರೆ ಸಾವ್ಕಾರ್ರು ಪಡಸಾಲೆಯಲ್ಲಿ, ಎಲ್ಲ ಕಿಟಕಿ ತೆರೆದಿಟ್ಟು, ಮನಸಾರೆ ಹಾಡುತ್ತಿದ್ದಾರೆ. ಮನೆಯಲ್ಲಿ ಬೇರೆ ನರಪಿಳ್ಳೆ ಇಲ್ಲ. ಅಕ್ಕಾರು ಮತ್ತೆ ಹೋದರು ಅಂದುಕೊಂಡೆ. ಈ ಸಲ ಆಯಿಯೂ ಹೋಗಿರಬೇಕು.

"ಬಾರೋ ತಮ್ಮಾ!" ಅಂದರು ಸಾವ್ಕಾರ್ರು, ಹಾರ್ಮೋನಿಯಂ ಬಿಡದೆ. "ನೋಡು, ರಿಯಾಜ್ ಮಾಡಿದ್ರ ಏನಾಕ್ಕೈತಿ! ಮೊದಲ ಓಣಿ ಮಂದಿ ಬಂದು ಬಾಗಲಾ ಬಡೀತಿದ್ರು. ಈಗ ಒಬ್ರೂ ಒಂದ ಮಾತ ಆಡೂದಿಲ್ಲ. ದನಿ ತಿದ್ದೇತಿ."

"ಅಕ್ಕಾರು ಎಲ್ಲದಾರ್ರೀ?"

"ನೆಲಮನ್ಯಾಗ. 'ಕೆಳಗ ಗಾಳಿ ಆಡೂದಿಲ್ಲ, ನಿಮ್ಮ ದನಿ ಕೆಡತೈತಿ, ಮ್ಯಾಲ ಆರಾಮ ಹಾಡ್ರಿ' ಅಂತ ಆಕೀನ ಅಂದ್ಲು. ಕೆಳಗ ಹಪ್ಪಳಾ ಶಂಡಗಿ ಏನೋ ಮಾಡ್ತಿರ್ತಾರ. ಹೋಗು, ಮಾತಾಡಿಸಿ ಬಾ."

ಪಾವಟಿಗೆಯ ಮೇಲೆ ಕಾಲಿಡಲು ಜಾಗವಿಲ್ಲ, ಅಷ್ಟು ಚಪ್ಪಲಿ. ಕದ ದೂಡಿದೆ.

ಒಳಗೆ ಇಡೀ ಓಣಿ ಕೂತಿತ್ತು. ಎದುರುಮನೆಯವನು ಹಾಸಿಗೆ ಹಾಸಿ ಮಲಗಿದ್ದ. ಹೆಂಗಸರು ಶ್ಯಾವಿಗೆ ಹೊಸೆಯುತ್ತಿದ್ದರು. ಗೌಳಿ ಹಾಲು ಅಳೆದು ಕೊಡುತ್ತಿದ್ದ. ಬಾಗಿಲಿಗೊಂದರಂತೆ ಜನ ಒರಗಿ ಹರಟೆ ಹೊಡೆಯುತ್ತಿದ್ದರು. ಚಾಚಾ ನಡುವೆ ಕೂತು ಚಹಾ ಹೀರುತ್ತಿದ್ದ. ನಡುಮಧ್ಯದಲ್ಲಿ ಅಕ್ಕಾರು ಸ್ಟೋವ್ ಹಚ್ಚಿ ಎಲ್ಲರಿಗೂ ಚಹಾ ಸೋಸುತ್ತಿದ್ದರು. ಅಷ್ಟು ಸುಖದ ಮುಖವನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ.

"ಲಗೂ ಒಳಗ ಬಾ, ಬಾಗಲಾ ಹಾಕು!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು.

ಹಾಕಿದೆ. ಆಹಾ! ಕಿವಿಗೆ ಯಾರೋ ಬೆಣ್ಣೆ ಸವರಿದ ಹಾಗೆ.

"ನೀ ಹೋದ ಮ್ಯಾಲ ಒಂದಿನಾ ಸುಮ್ಮ ನೋಡೂಣಂತ ಇಳದ್ನಿ ತಮ್ಮಾ" ಅಂದರು ಅಕ್ಕಾರು, ಬಶಿಯೊಳಗೆ ಚಹಾ ಕೊಡುತ್ತ. "ಬಾಗಲಾ ಹಾಕಿ ಕುಂತ್ನಿ. ಏಳೂ ಮನಸ ಆಗಲಿಲ್ಲ. ಇಂತಾ ಜಾಗಾ ಅವರ ಕೈಗೆ ಕೊಟ್ಟು ನಾ ಮ್ಯಾಲ ಕುಂದ್ರೂದು ಯಾವ ನ್ಯಾಯ?"

ಮೂಲೆಯಲ್ಲಿ ಬೆಕ್ಕಿನ ಬಾಗಿಲಿಗೆ ಬೆನ್ನು ಕೊಟ್ಟು ಆಯಿ ಕೂತಿದ್ದಳು. ನನಗೆ ನಂಬಿಕೆ ಬರಲಿಲ್ಲ.

"ಆಯಿ, ನೀವೂ? ಮಗಾ ಹಾಡಿದ್ರ ಶಿವಾ ಬಂದು ಕುಂತಂಗ ಆಗತೈತಿ ಅಂತಿದ್ರಿ?"

ಆಯಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಶಿವಾ ಮ್ಯಾಲ ಕುಂದರಲಿ, ನಾ ಬ್ಯಾಡ ಅನ್ನೂದಿಲ್ಲ. ಹೆತ್ತ ಕರಳು ಬ್ಯಾರೆ, ಕಿವಿ ಬ್ಯಾರೆ ತಮ್ಮಾ."

ಚಹಾ ಕುಡಿದು ಮುಗಿಸಿದಾಗ ನನಗೊಂದು ಸಂಶಯ ಬಂತು. "ಅಲ್ರೀ ಅಕ್ಕಾರ, ಇಲ್ಲಿ ಕುಂತ್ರ ಏನೂ ಕೇಳಸೂದಿಲ್ಲ. ಅವ್ರು ಹಾಡೂದು ನಿಲ್ಲಿಸಿದ್ದು ನಿಮಗ ಹೆಂಗ ಗೊತ್ತಾಗತೈತಿ?"

ಶ್ಯಾವಿಗೆ ಹೊಸೆಯುವ ಕೈಗಳು ನಿಂತವು. ಮಲಗಿದ್ದ ಎದುರುಮನೆಯವನೂ ಒಂದು ಕಣ್ಣು ತೆರೆದ.

"ಪಾಳಿ ಐತಿ" ಅಂದರು ಅಕ್ಕಾರು. "ಆಗಾಗ ಒಬ್ರು ಹೋಗಿ ನೋಡಿ ಬರತಾರ."

"ಈಗ ಯಾರ ಪಾಳೀರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚಾಚಾ ಎದ್ದು ಹೋಗಿ ಮರ್ಯಾದೆಯಿಂದ ಬಾಗಿಲು ತೆರೆದ.

ಮೇಲೆ ಹೋಗಿ ಪಡಸಾಲೆಯ ಬಾಗಿಲಲ್ಲಿ ನಿಂತೆ. ಹಾಡು ನಿಂತಿರಲಿಲ್ಲ, ಈಗಷ್ಟೇ ಏರುತ್ತಿತ್ತು. ಮೆಲ್ಲಗೆ ಹಿಂದೆ ಸರಿಯಬೇಕು ಅನ್ನುವಷ್ಟರಲ್ಲಿ ಸಾವ್ಕಾರ್ರು ಕಣ್ಣು ತೆರೆದರು. ಮುಖ ಅರಳಿತು.

"ಬಂದ್ಯಾ? ಕೆಳಗ ಇರಾಕ ಆಗಲಿಲ್ಲಲ್ಲಾ? ಗೊತ್ತಿತ್ತು ನನಗ. ದಿನಾ ಹಿಂಗ ನೋಡು, ಒಬ್ಬೊಬ್ರ ಎದ್ದು ಬರತಾರ, ಇದ ಬಾಗಲದಾಗ ನಿಲ್ತಾರ, ಒಂದ ತಾನ ಕೇಳೂದ್ರಾಗ ಅಳು ತಡಕೊಳ್ಳಾಕ ಆಗದ ಮಾರಿ ಮುಚಗೊಂಡು ಕೆಳಗ ಓಡ್ತಾರ. ನೀ ಗಟ್ಟಿ ಮನುಷ್ಯಾ, ನಿಂತಿ. ಕುಂದರು ಕುಂದರು. ನಿನ್ನ ಸಲುವಾಗಿ ಮತ್ತ ಮೊದಲಿಂದ ಸುರು ಮಾಡ್ತೀನಿ."